ಮುದ್ರೆಯ ಕನ್ನಡಿಯೂ ಶೆಟ್ಟೆವ್ವನ ಕಾಲೂ

ಮೋಟಾರು ಗಾಡಿಗಳ ತಪಾಸಣೆ ಮಾಡಿ ಪರವಾನಗಿ ಕೊಡುವ ಸಾಹೇಬರೇ,

ನಮ್ಮ ಬೈಲಹೊಂಗಲದ ಕನ್ನಡಿ ಕೆಲಸದ ಭರಮಪ್ಪನ ಅಂಗಡಿಗೆ ಕಳೆದ ಮಂಗಳವಾರ ನಿಮ್ಮ ಜವಾನರು ಬೀಗ ಹಾಕಿದರು. ಗಾಜು ಕೊಯ್ಯುವ ಅವನ ಕೈಯುಳಿಯನ್ನೂ ಒಯ್ದರು. ಬಾಗಿಲಿಗೆ ಅಂಟಿಸಿದ ನೋಟೀಸನ್ನು ನಾನು ಎರಡು ಸಲ ಓದಿದೆ. ಈ ಮನುಷ್ಯನು ಮೋಟಾರಿಗೆ ನಕಲಿ ಕನ್ನಡಿ ಮಾಡಿದ್ದರಿಂದಲೇ ನೇಸರಗಿಯಲ್ಲಿ ಒಬ್ಬ ಮುದುಕಿಯ ಕಾಲು ಹೋಯಿತು ಎಂದು ಅದರಲ್ಲಿ ಬರೆದಿದೆ. ಸಿಟ್ಟು ಬಂದಿದ್ದರೆ ನಿಮ್ಮ ಕಚೇರಿಗೆ ಬಂದು ಕೂಗಾಡಿ ಹಗುರಾಗುತ್ತಿದ್ದೆ. ಬಂದದ್ದು ಹೇಸಿಕೆ. ಹೇಸಿಕೆಯನ್ನು ಹತ್ತು ಜನರೆದುರು ಕಕ್ಕದೆ ಗತಿಯಿಲ್ಲ, ಅದಕ್ಕೇ ಈ ಬಹಿರಂಗ ಪತ್ರ. ಆ ಮೋಟಾರು ನನ್ನದು. ಅಂದು ಅದನ್ನು ನಡೆಸುತ್ತಿದ್ದವನೂ ನಾನೇ. ಆದ್ದರಿಂದ ನಡೆದದ್ದನ್ನು ನಿಮ್ಮ ಕಾರಕೂನರಿಗಿಂತ ಸ್ವಲ್ಪ ಚೆನ್ನಾಗಿ ಬಲ್ಲೆನೆಂದು ತಾವು ಒಪ್ಪಬಹುದು.

ಬೈಲಹೊಂಗಲದಿಂದ ನೇಸರಗಿಗೂ ಯರಗಟ್ಟಿಗೂ ಮೂರು ವರ್ಷದಿಂದ ಮಂದಿಯನ್ನು ಸಾಗಿಸುತ್ತ ಬಂದಿದ್ದೇನೆ. ಗಾಡಿ ಒಂದೇ, ಆಳು ನಾನೊಬ್ಬನೇ. ಮಂದಿ ಹತ್ತಿ ಇಳಿಯುವುದು ಹಿಂದಿನ ಮೆಟ್ಟಿಲಿನಿಂದ. ಅಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದನ್ನು ಕುಳಿತಲ್ಲಿಂದ ತಿಳಿಯಲು ನನಗಿದ್ದ ಕಣ್ಣು ಬಲಗಡೆಯ ಒಂದು ಕನ್ನಡಿ. ಈ ಬೇಸಿಗೆಯಲ್ಲಿ ಯರಗಟ್ಟಿಯ ಹತ್ತಿರ ಜೋಳದ ಕಣಿಕೆ ಹೇರಿದ ಬಂಡಿಯೊಂದು ಉಜ್ಜಿಕೊಂಡು ಹೋಗಿ ಆ ಕನ್ನಡಿ ಪುಡಿಯಾಯಿತು. ಮೋಟಾರು ಮಾರಿದ ಏಜೆಂಟರ ಬಳಿ ಓಡಿದೆ. ಕಂಪನಿಯ ಅಸಲಿ ಕನ್ನಡಿ ವಿಲಾಯತಿಯಿಂದ ಹಡಗಿನಲ್ಲಿ ಬರಬೇಕು, ಮೂರು ತಿಂಗಳು ಕಾಯಿರಿ ಎಂದರು.

ಮೂರು ತಿಂಗಳು ಕುರುಡನಾಗಿ ಗಾಡಿ ನಡೆಸುವುದು ಹೇಗೆ? ಭರಮಪ್ಪನನ್ನು ಕೇಳಿದೆ. ತನಗೆ ಮೋಟಾರಿನ ಕೆಲಸ ಗೊತ್ತಿಲ್ಲ, ಕನ್ನಡಿ ಮಾತ್ರ ಗೊತ್ತು ಎಂದ. ನನಗೆ ಬೇಕಾದದ್ದೂ ಅಷ್ಟೇ. ಅವನು ದಪ್ಪ ಗಾಜು ಆರಿಸಿ, ಬೆನ್ನಿಗೆ ರಸ ಹಿಡಿಸಿ, ಹಿತ್ತಾಳೆಯ ಚೌಕಟ್ಟಿನಲ್ಲಿ ಕೂಡಿಸಿದ. ಆಮೇಲೆ ನನ್ನನ್ನು ಗಾಡಿಯಲ್ಲಿ ಕೂಡಿಸಿ ತಾನು ಹಿಂದೆ ಹೋಗಿ ನಿಂತು, ಬೆರಳೆತ್ತಿ ಎಷ್ಟು ಎಂದು ಕೇಳಿದ. ಎಡಕ್ಕೆ ಸರಿದು ಕೇಳಿದ, ಬಲಕ್ಕೆ ಸರಿದು ಕೇಳಿದ, ಬಗ್ಗಿ ಕುಳಿತು ಕೇಳಿದ. ಒಂದು ಸಲವೂ ನಾನು ತಪ್ಪು ಹೇಳಲಿಲ್ಲ ಎಂದಾದ ಮೇಲೆಯೇ ತಿರುಪು ಬಿಗಿದ.

ಹದಿನೈದು ದಿನ ಕಳೆಯುವುದರಲ್ಲಿ ತಮ್ಮ ಸವಾರಿ ತಪಾಸಣೆಗೆ ಬಂತು. ತಾವು ಆ ಕನ್ನಡಿಯನ್ನು ಪರೀಕ್ಷಿಸಿದ ರೀತಿ ನನಗೆ ಇಂದಿಗೂ ನೆನಪಿದೆ. ಅದರ ಮುಖವನ್ನು ತಾವು ನೋಡಲೇ ಇಲ್ಲ. ಕೈ ಹಾಕಿ ಬೆನ್ನು ತಡವಿದಿರಿ. ಕಂಪನಿಯ ಮುದ್ರೆ ಕೈಗೆ ಹತ್ತಲಿಲ್ಲ. ಕನ್ನಡಿಯನ್ನು ಬಿಚ್ಚಿಸಿ ಚಾವಡಿಯ ಕಟ್ಟೆಯ ಮೇಲೆ ಬಿಸಾಡಿಸಿದಿರಿ. ಎಂಟು ದಿನದೊಳಗೆ ಏಜೆಂಟರಿಂದಲೇ ಅಸಲಿ ಕನ್ನಡಿ ತಂದು ಹಾಕದಿದ್ದರೆ ಪರವಾನಗಿ ರದ್ದು ಎಂದಿರಿ. ಕನ್ನಡಿಯನ್ನು ಬೆನ್ನಿನಿಂದ ಪರೀಕ್ಷಿಸುವ ವಿದ್ಯೆಯನ್ನು ಸರಕಾರ ಯಾವ ಸಾಲೆಯಲ್ಲಿ ಕಲಿಸುತ್ತದೆಯೋ ನಾನರಿಯೆ.

ಪುನಃ ಏಜೆಂಟರ ಬಳಿ ಹೋದೆ. ಆಶ್ಚರ್ಯ ನೋಡಿರಿ. ಮೂರು ತಿಂಗಳು ಬೇಕೆಂದಿದ್ದ ಕನ್ನಡಿ ನಿಮ್ಮ ಹುಕುಮಿನ ಸುದ್ದಿ ಕೇಳಿದ ಮೂರನೆಯ ದಿನಕ್ಕೇ ಬಂದಿತ್ತು. ಹಡಗು ಮಲಪ್ರಭೆಯೊಳಗೇ ಬಂದಿತೋ ಏನೋ. ಬೆನ್ನಿನ ಮೇಲೆ ತಗಡಿನ ಮುಚ್ಚಳ, ಅದರ ಮೇಲೆ ಮುದ್ರೆ. ತಾವು ತಡವಿ ನೋಡಿ ತೃಪ್ತರಾದಿರಿ.

ಆದರೆ ಅದರ ಒಂದು ಮೂಲೆ ಸೊಟ್ಟಗಿತ್ತು. ಆ ಮೂಲೆಯೊಳಗೆ ಬಂದ ಮನುಷ್ಯ ಉದ್ದಕ್ಕೆ ಎಳೆದು ಹಿಂಡಿದಂತಾಗಿ ಗಿಡದ ಬೊಡ್ಡೆಯ ಹಾಗೆ ಕಾಣುತ್ತಿದ್ದ. ಮರುದಿನವೇ ತಮಗೆ ಅರ್ಜಿ ಬರೆದೆ. ತಮ್ಮ ಉತ್ತರ ಒಂದೇ ಸಾಲು: ಮುದ್ರೆ ಸರಿಯಾಗಿರುವುದರಿಂದ ಕನ್ನಡಿ ಸರಿಯಾಗಿದೆ. ಆ ಕಾಗದ ನನ್ನ ಪೆಟ್ಟಿಗೆಯಲ್ಲಿ ಭದ್ರವಾಗಿದೆ.

ಇನ್ನು ನನ್ನ ತಪ್ಪು ಹೇಳುತ್ತೇನೆ. ಕನ್ನಡಿ ಸುಳ್ಳು ಹೇಳುತ್ತದೆಂದು ಗೊತ್ತಿದ್ದೂ ನಾನು ಗಾಡಿ ನಡೆಸಿದೆ. ನೇಸರಗಿಯ ಬೇವಿನ ಗಿಡದ ಹತ್ತಿರ ಮಂದಿಯನ್ನು ಇಳಿಸಿ, ಗಾಡಿಯನ್ನು ಹಿಂದಕ್ಕೆ ಸರಿಸಿ ತಿರುಗಿಸಬೇಕು. ಅಂದು ಶೆಟ್ಟೆವ್ವ ಎಂಬ ಮುದುಕಿ, ಬೈಲಹೊಂಗಲದ ಸಂತೆಯಲ್ಲಿ ಬೆಣ್ಣೆ ಮಾರಿ ಬಂದವಳು, ಇಳಿದು ಹೋಗಿದ್ದಳು. ಗಡಿಗೆ ಮರೆತೆನೆಂದು ಮತ್ತೆ ಗಾಡಿಯ ಹಿಂದೆ ಬಂದಳು. ನಾನು ಕನ್ನಡಿ ನೋಡಿದೆ. ಮೂಲೆಯಲ್ಲಿ ಕರ್ರಗೆ ನೆಟ್ಟಗೆ ಏನೋ ನಿಂತಿತ್ತು. ಬೇವಿನ ಗಿಡವೆಂದುಕೊಂಡೆ. ಇಳಿದು ನೋಡಬೇಕಿತ್ತು, ನೋಡಲಿಲ್ಲ. ಗಾಡಿ ಹಿಂದೆ ಸರಿಯಿತು. ಅವಳ ಕೂಗು ಕೇಳಿದ ಮೇಲೆ ಇಳಿದೆ. ಅವಳ ಬಲಗಾಲು ಗಾಲಿಯ ಕೆಳಗಿತ್ತು. ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು.

ಪೊಲೀಸರು ಪಂಚನಾಮೆ ಮುಗಿಸಿ ಗಾಡಿ ಬಿಟ್ಟುಕೊಟ್ಟಾಗ ಆ ಕನ್ನಡಿಯನ್ನು ಕಿತ್ತು ಭರಮಪ್ಪನ ಮುಂದೆ ಇಟ್ಟೆ. ವಿಲಾಯತಿಯ ಗಾಜು ಹೀಗೇಕೆ ಎಂದು ಕೇಳಿದೆ. ಅವನು ತಗಡಿನ ಮುಚ್ಚಳ ಎಬ್ಬಿಸಿ ಗಾಜಿನ ಬೆನ್ನನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಹೇಳಿದ:

“ಅಣ್ಣಾರ, ಇದು ವಿಲಾಯತಿದಲ್ರಿ, ನನ್ನ ಕೈಲೆ ಮಾಡಿದ್ದು. ಗಾಜು ಸೊಟ್ಟ ಬಂದಿತ್ತಂತ ನಾನ ಬೆನ್ನಿಗೆ ಗೀಟ ಹೊಡದ ಒಗದಿದ್ದೆ. ಎತ್ತಿನ ಮೈಮ್ಯಾಲ ಹೊದಿಸೋ ಝೂಲಕ್ಕ ಸಣ್ಣಗ ಕೊಯ್ದ ಹಚ್ಚತೇವಿ ಅಂತ ಹೇಳಿ ಆ ಏಜೆಂಟರ ಆಳು ಇಂಥಾವ ಒಂದು ಚೀಲ ಒಯ್ದಿದ್ದ.”

ಬೆನ್ನಿನ ಕೆಂಪು ಬಣ್ಣದ ಮೇಲೆ ಅವನು ಗೀರಿದ ಅಡ್ಡಗೆರೆ ಸ್ಪಷ್ಟವಾಗಿತ್ತು. ಅಂದರೆ, ಸಾಹೇಬರೇ, ಅವನು ಒಳ್ಳೆಯದೆಂದು ಕೊಟ್ಟದ್ದನ್ನು ತಾವು ಬಿಸಾಡಿಸಿದಿರಿ. ಕೆಟ್ಟದ್ದೆಂದು ಅವನು ಬಿಸಾಡಿದ್ದನ್ನು ಮುದ್ರೆ ಹಚ್ಚಿಸಿಕೊಂಡು ಬಂದ ಮೇಲೆ ಒಳ್ಳೆಯದೆಂದು ಒಪ್ಪಿಕೊಂಡಿರಿ.

ನಾನು ಮೂರ್ಖ. ನ್ಯಾಯ ಸಿಗುತ್ತದೆಂದು ಆ ಕನ್ನಡಿಯನ್ನು ಹಿಡಿದುಕೊಂಡು, ಭರಮಪ್ಪನನ್ನೂ ಕರೆದುಕೊಂಡು ತಮ್ಮ ಕಚೇರಿಗೇ ಬಂದೆ. ಅವನು ಹೆದರದೆ ಎಲ್ಲವನ್ನೂ ಹೇಳಿದ. ತಾವು ಕೇಳಿದ ಪ್ರಶ್ನೆ ಒಂದೇ: “ಈ ಗಾಜು ನೀನೇ ಮಾಡಿದ್ದೆಂದು ಒಪ್ಪುತ್ತೀಯಾ?” ಅವನು ಒಪ್ಪಿದ. ಕಾರಕೂನರು ಅಷ್ಟನ್ನೇ ಬರೆದುಕೊಂಡರು. ಮುದ್ರೆ ಒತ್ತಿದವರು ಯಾರೆಂದು ಅಲ್ಲಿ ಯಾರೂ ಕೇಳಲಿಲ್ಲ. ಸತ್ಯ ಹೇಳಲು ಬಂದವನ ಅಂಗಡಿಗೆ ಬೀಗ ಬಿತ್ತು. ಏಜೆಂಟರ ಅಂಗಡಿ ತೆರೆದೇ ಇದೆ, ಅಲ್ಲಿ ಇನ್ನೂ ಮುದ್ರೆಯ ಕನ್ನಡಿಗಳು ತೂಗುತ್ತಿವೆ. ಕಿತ್ತೂರಿನ ಕಡೆಯ, ರಾಮದುರ್ಗದ ದಾರಿಯ ಗಾಡಿಗಳು ಅವನ್ನೇ ಕಟ್ಟಿಕೊಂಡು ಓಡುತ್ತಿವೆ. ಅವುಗಳ ಹಿಂದೆ ಯಾರ ಅವ್ವ, ಯಾರ ಕೂಸು ನಿಂತಿದೆಯೋ ಯಾರು ಬಲ್ಲರು?

ಮೊನ್ನೆ ಶೆಟ್ಟೆವ್ವನ ಮನೆಗೆ ಹೋಗಿದ್ದೆ. ಬೈಯುತ್ತಾಳೆ, ಬೈಯಲಿ ಎಂದುಕೊಂಡೇ ಹೋಗಿದ್ದೆ. ಅವಳ ಮಗಳು ಸಿದ್ದಲಿಂಗವ್ವ ನನ್ನ ಮುಖ ನೋಡದೆ ಒಳಗೆ ಹೋದಳು. ಮುದುಕಿ ಕೌದಿ ಸರಿಸಿಕೊಂಡು ಕುಳಿತು ನಿಧಾನವಾಗಿ ಕೇಳಿದಳು:

“ನಾ ನಿನಗ ಕಂಡಿದ್ದಿಲ್ಲೇನೋ ತಮ್ಮಾ?”

“ಕಂಡಿದ್ದಿ ಯವ್ವಾ,” ಎಂದೆ. “ಗಿಡ ಅಂತ ತಿಳದೆ.”

ಅವಳು ಕೌದಿಯನ್ನು ಮತ್ತೆ ಕಾಲಿನ ಮೇಲೆ ಎಳೆದುಕೊಂಡಳು. ಅವಳ ಎದುರು ಕುಳಿತಿರುವುದು ಎಂಥದ್ದೆಂದು ತಮಗೆ ತಿಳಿಯಬೇಕಾದರೆ ತಾವು ಒಮ್ಮೆ ಹೋಗಿ ಕುಳಿತುಕೊಳ್ಳಬೇಕು.

ನನ್ನ ಬೇಡಿಕೆ ದೊಡ್ಡದಲ್ಲ. ಭರಮಪ್ಪನ ಬೀಗ ತೆಗೆಯಿರಿ, ಅವನ ಕೈಯುಳಿ ಅವನಿಗೆ ಮರಳಿಸಿರಿ. ಏಜೆಂಟರು ಮಾರಿದ ಪ್ರತಿಯೊಂದು ಕನ್ನಡಿಯ ಮುಚ್ಚಳ ತೆಗೆಸಿ ನೋಡಿರಿ. ಇನ್ನು ಮುಂದೆ ಯಾರು ಮಾಡಿದ ಕನ್ನಡಿಯೇ ಆಗಲಿ, ಅದರ ಮುಖ ನೋಡಿ ಪಾಸು ಮಾಡಿರಿ. ಮುಂದಿನ ತಿಂಗಳು ಕೋರ್ಟಿನಲ್ಲಿ ನನ್ನ ಖಟ್ಲೆ ನಡೆಯುತ್ತದೆ. ಇಳಿದು ನೋಡದ ತಪ್ಪು ನನ್ನದೆಂದು ನಾನು ಅಲ್ಲಿ ಒಪ್ಪಿಕೊಳ್ಳುವವನಿದ್ದೇನೆ, ವಕೀಲರು ಬೇಡವೆಂದರೂ. ತಮ್ಮ ಆ ಒಂದು ಸಾಲಿನ ಉತ್ತರವನ್ನೂ ಅಲ್ಲಿಯೇ ಓದುತ್ತೇನೆ. ಅಂದು ತಾವು ಬಂದು ನನ್ನ ಮಗ್ಗುಲಲ್ಲಿ ನಿಲ್ಲಬೇಕು. ಕಟಕಟೆಯಲ್ಲಿ ಇಬ್ಬರಿಗೆ ಜಾಗವಿದೆ.

ಇಂತಿ,
ತಪ್ಪಿನಲ್ಲಿ ತಮ್ಮ ಪಾಲುದಾರ,
ಮಲಕಾಜಪ್ಪ
ಬೈಲಹೊಂಗಲ, ಸನ್ ೧೯೨೯