ಮುಚ್ಚಳ ಕೊರೆದ ಪೆಟ್ಟಿಗೆ

ಮಹಡಿ ಕೋಣೆ,
ಭಾನುವಾರ, ಮಾರ್ಚ್ ೯

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹಡಗಿನಲ್ಲಿ ನಿದ್ದೆ ಬರುತ್ತಿದೆಯಾ, ಹೊಟ್ಟೆ ತೊಳಸುವುದು ನಿಂತಿತಾ? ಅಮ್ಮ ದಿನಾ ನಿನ್ನ ಸುದ್ದಿ ಕೇಳುತ್ತಾಳೆ. ಅಪ್ಪ ಕೇಳುವುದಿಲ್ಲ, ಆದರೆ ಅಮ್ಮ ಕೇಳುವಾಗ ಪೇಪರಿನ ಹಿಂದೆ ಕಿವಿ ನೆಟ್ಟಗೆ ಮಾಡಿಕೊಂಡಿರುತ್ತಾರೆ. ನಾವೆಲ್ಲ ಚೆನ್ನಾಗಿದ್ದೇವೆ. ಈಗ ಸುದ್ದಿ ಕೇಳು, ನಿಂತಿದ್ದರೆ ಕೂತುಕೋ: ನೀನು ಸುಟ್ಟ ಆಂಪ್ಲಿಫೈಯರ್ ಇವತ್ತು ಹಾಡಿತು!

ತಾವು ಮಾಡಿಕೊಟ್ಟ ಮರದ ಪೆಟ್ಟಿಗೆಯೊಳಗೆ ಅದು ಸುಟ್ಟ ದಿನ "ನನ್ನ ಪೆಟ್ಟಿಗೆ ಮುಟ್ಬೇಡ" ಎಂದರು ಅಪ್ಪ. "ನಿಮ್ಮ ಹೊಸ್ತಿಲೂ ಮುಟ್ಟಲ್ಲ" ಎಂದು ಹೊರಟೆ ನೀನು. ಅಂದಿನಿಂದ ನಿಮ್ಮಿಬ್ಬರ ನಡುವೆ ಅಂಚೆಯವಳಾಗಿ ನನಗೆ ಸಾಕುಸಾಕಾಗಿತ್ತು. ಅದು ಹಾಡುವವರೆಗೆ ನಿಮ್ಮ ಸಿಟ್ಟು ಇಳಿಯುವುದಿಲ್ಲ ಎಂದು ರಿಪೇರಿಗೆ ನಾನೇ ಕೈಹಾಕಿದೆ. ಸುಟ್ಟಿದ್ದು ಕೆಪಾಸಿಟರ್. ಅಂಗಡಿಯವನು ಹಳದಿ, ಕೆಂಪು, ಕಂದು ಫಿಲ್ಮ್ ಕೆಪಾಸಿಟರುಗಳನ್ನು ಮುಂದೆ ಸುರಿದಾಗ ತಲೆ ಗಿರ್ರೆಂದಿತು. ಹಾಡನ್ನು ದಾಟಿಸಬೇಕು, ವಾಲ್ವಿನ ಭಾರಿ ವೋಲ್ಟೇಜನ್ನು ತಡೆಯಬೇಕು, ಅದರ ಕೆಲಸ ಇಷ್ಟೇ. ಚಿನ್ನದ ಬಣ್ಣದ್ದೊಂದರ ಮೇಲೆ ನನಗೆ ಆಸೆಯಾಯಿತು, ಸುಳ್ಳೇಕೆ ಹೇಳಲಿ! ಆದರೆ ಹೊಳೆಯುವುದೆಲ್ಲ ಹಾಡುವುದಿಲ್ಲ ಎಂದುಕೊಂಡು ಸಾದಾ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನದು ತಂದೆ. ಆರುನೂರು ವೋಲ್ಟ್ ತಡೆಯುವಂಥದ್ದು, ಹೆಬ್ಬೆರಳಷ್ಟು ದಪ್ಪ. ನೀನು ಹಾಕಿದ್ದು ನೂರು ವೋಲ್ಟಿನದು, ಕಡಲೆಬೀಜದಷ್ಟು. ಸುಡದೆ ಇನ್ನೇನಾಗುತ್ತದೆ, ಪೆದ್ದ!

ನಾನೂ ಜಾಣೆಯೇನಲ್ಲ. ಈ ದಪ್ಪದ್ದನ್ನು ಬೆಸುಗೆ ಹಾಕಿ ನೋಡಿದರೆ ಪೆಟ್ಟಿಗೆಯ ಮುಚ್ಚಳ ಮುಚ್ಚುವುದಿಲ್ಲ. ಬಡಗಿಯ ಮನೆಯಲ್ಲಿ ಇದಕ್ಕಿಂತ ದೊಡ್ಡ ಅಪರಾಧ ಉಂಟೇ? ಅಷ್ಟರಲ್ಲಿ ಅಪ್ಪ ಬಂದುಬಿಟ್ಟರು. ಅವರು ಬೈಯಲಿಲ್ಲ. ನಿನ್ನ ಸುಟ್ಟ ಕೆಪಾಸಿಟರನ್ನು ಕೈಯಲ್ಲಿ ಹಿಡಿದು ಮುಚ್ಚಳವನ್ನು ಇಟ್ಟರು, ತೆಗೆದರು, ಮತ್ತೆ ಇಟ್ಟರು. ಆಮೇಲೆ ತಮ್ಮಷ್ಟಕ್ಕೆ ಎಂಬಂತೆ, "ಮುಚ್ಚಳ ಕೂದಲಷ್ಟೂ ಏಳಬಾರ್ದು ಅಂತ ಅವನ ತಲೆ ಮೇಲೆ ಕೂತಿದ್ದು ನಾನೇ ಅಲ್ವಾ? ಅದಕ್ಕೇ ಚಿಕ್ಕದು ಹುಡುಕಿದ್ದಾನೆ" ಎಂದರು. ಒಳಗೆ ಹೋಗಿ ಗರಗಸ ತಂದರು. ಅಣ್ಣಾ, ತಾವೇ ಪಾಲಿಶ್ ಮಾಡಿದ, ಒರೆಸಲು ಅಮ್ಮನಿಗೂ ಬಿಡದ ಆ ಮುಚ್ಚಳದಲ್ಲಿ ಎರಡು ಕಿಟಕಿ ಕೊರೆದೇ ಬಿಟ್ಟರು! ಅಮ್ಮ ಒದ್ದೆ ಕೈಯಲ್ಲೇ ಬಂದು ಬಾಯಿ ಬಿಟ್ಟುಕೊಂಡು ನಿಂತಿದ್ದಳು.

ಸ್ವಿಚ್ ಹಾಕಿದರೆ ಮೊದಲು ಗುಂಯ್ ಎಂದಿತು. ಆರಿಸಿ, ಕಾದು, ಕೆಪಾಸಿಟರನ್ನು ತಿರುಗಿಸಿ ಹಾಕಿದೆ, ಗುಂಯ್ ನಿಂತಿತು. ಆಮೇಲೆ ಹಾಡು! ಹಾಡುವವಳು ಮೊದಲು ಗಂಟಲು ಸರಿಮಾಡಿಕೊಂಡದ್ದೂ ಕೇಳಿಸಿತು. ನಾನು ಕುಣಿದೆ, ಅಮ್ಮ ನಕ್ಕಳು. ಅಪ್ಪ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ನನಗೆ ನಿನ್ನ ನೆನಪಾಗಿ ಸ್ವಲ್ಪ ಅಳುವೂ ಬಂತು.

ಹುಷಾರಾಗಿರು, ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮನ ಆಶೀರ್ವಾದ, ಬೆನ್ನಿಗೆ ನನ್ನದೊಂದು ಗುದ್ದು.

ನಿನ್ನ
ಬಾಲಂಗೋಚಿ

ಮರೆತೆ: ಹಾಡಿದ್ದು ಬಲಗಡೆಯ ಸ್ಪೀಕರ್ ಮಾತ್ರ. ಎಡಗಡೆಗೂ ಕೆಪಾಸಿಟರ್ ತಂದಿದ್ದೆ. ಹಾಕಲು ಹೊರಟರೆ ಅಪ್ಪ ಕೈಯಿಂದ ಕಸಿದು ಜೇಬಿಗಿಟ್ಟುಕೊಂಡರು. "ಅದು ಅವನದು. ಬಂದು ಹಾಕ್ಲಿ. ನಾನು ಹೇಳಿದೆ ಅಂತಲೇ ಬರಿ" ಎಂದಿದ್ದಾರೆ. ಬರೆದಿದ್ದೇನೆ.