ಎರಡು ವರ್ಷ ಏಳು ತಿಂಗಳು

ಮೂಡಲಪಾಳ್ಯ, ಬೆಂಗಳೂರು
19 ಜನವರಿ 2025, ಭಾನುವಾರ

ಪ್ರೀತಿಯ ರಾಜೀ,

ಹೇಗಿದ್ದೀಯ? ಗಂಟಲು ನೋವು ಕಡಿಮೆಯಾಯಿತೇ? ಅರವತ್ತು ಮಕ್ಕಳ ಕ್ಲಾಸಿನಲ್ಲಿ ಕೂಗಿ ಕೂಗಿ ಹಾಳು ಮಾಡಿಕೊಂಡಿದ್ದೀಯ, ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸು ಎಂದರೆ ಕೇಳುವವಳಲ್ಲ. ಇಲ್ಲಿ ನಾನೂ ಅನಘಾಳೂ ಚೆನ್ನಾಗಿದ್ದೇವೆ. ನಿನ್ನ ಮಗಳ ಮುಂದಿನ ಹಲ್ಲು ಬಿದ್ದಿದೆ. ‘ಸ’ ಎನ್ನಲು ಹೋದರೆ ಬರೀ ಗಾಳಿ ಬರುತ್ತದೆ. ಕೆಳಗಿನ ಮನೆಯ ಕಮಲಾಕ್ಷಮ್ಮನವರೇ ದಿನಾ ಜಡೆ ಹಾಕಿಕೊಡುತ್ತಾರೆ. ನಾನು ಹಾಕಿದರೆ ಒಂದು ಮೇಲೆ, ಒಂದು ಕೆಳಗೆ. ಬೀದಿಯ ಹೆಂಗಸರಿಗೆಲ್ಲ ಬ್ಲೌಸು ಹೊಲಿಯುವವನಿಗೆ ಮಗಳ ಬೈತಲೆ ನೆಟ್ಟಗೆ ತೆಗೆಯಲು ಬರುವುದಿಲ್ಲ. ನಗು, ಪರವಾಗಿಲ್ಲ.

ಫೋನಿರುವಾಗ ಕಾಗದ ಯಾಕೆ ಅಂತೀಯ? ಫೋನಿನಲ್ಲಿ ಈ ವಿಷಯ ತೆಗೆದರೆ ನೀನು ಅಳುತ್ತೀಯ, ನಾನು ರೇಗುತ್ತೇನೆ, ಅಷ್ಟರಲ್ಲಿ ಕೂಡ್ಲಿಗಿಯ ಸಿಗ್ನಲ್ ಹೋಗಿರುತ್ತದೆ. ಕಾಗದವಾದರೆ ನಾನು ಪೂರ್ತಿ ಹೇಳುವ ತನಕ ನೀನು ಕೇಳಲೇಬೇಕು.

ವಿಷಯ ನಿನ್ನ ವರ್ಗಾವಣೆ ಅರ್ಜಿಯದು. ಬೆಂಗಳೂರಿಗೆ ಬರಲು ಮೂರು ವರ್ಷ ಪೂರ್ತಿ ಆಗಿರಬೇಕು, ಆದರೆ ಮಗು ಚಿಕ್ಕದು ಅಂತ ನಿಮ್ಮ ಟ್ರಸ್ಟಿನವರು ವಿನಾಯಿತಿ ಕೊಟ್ಟರೂ ಕೊಡಬಹುದು, ಇಲ್ಲಿ ಸಿಗ್ನಲ್ ನಿಲ್ಲಲ್ಲ, ನೀವೇ ಹಾಕಿಬಿಡಿ ಎಂದೆಯಲ್ಲ. ಕೊನೆಯ ದಿನ ಅಂಗಡಿಯಲ್ಲೇ ಕೂತು ಮೊಬೈಲಿನಲ್ಲಿ ತುಂಬಿದೆ. ‘ಸೇವಾವಧಿ’ ಎನ್ನುವ ಕಡೆ ‘2 ವರ್ಷ 7 ತಿಂಗಳು’ ಎಂದು ಬರೆದರೆ ‘ಅಂಕಿಗಳನ್ನು ಮಾತ್ರ ನಮೂದಿಸಿ’ ಎಂದು ಕೆಂಪಕ್ಷರ ಬಂತು. ಸರಿ, ಪದ ಬಿಟ್ಟು ಕನ್ನಡದ ಅಂಕಿಯಲ್ಲಿ ‘೨-೭’ ಎಂದು ಹಾಕಿದೆ. ಮತ್ತೆ ಅದೇ ಕೆಂಪಕ್ಷರ! ಹಾಗಾದ್ರೆ ಇವೇನು ಕಡ್ಲೆಬೀಜವಾ ಎಂದು ಕೂಗಿಯೇಬಿಟ್ಟೆ. ಅಳತೆ ಕೊಡಲು ನಿಂತಿದ್ದ ಅಲಮೇಲು ಆಂಟಿ ಬೆಚ್ಚಿಬಿದ್ದರು. ಕೊನೆಗೆ ಇಂಗ್ಲಿಷ್ ಅಂಕಿಯಲ್ಲಿ 2.7 ಎಂದು ಹಾಕಿದೆ. ಕ್ರಿಕೆಟ್ಟಿನಲ್ಲಿ ಓವರು, ಬಾಲು ಬರೆಯುತ್ತಾರಲ್ಲ, ಹಾಗೆ ವರ್ಷ ಒಂದು ಕಡೆ, ತಿಂಗಳು ಒಂದು ಕಡೆ, ನಡುವೆ ಚುಕ್ಕೆ. ಬೆರಳು ಮುಂದಿನ ಖಾನೆಗೆ ಹೋದದ್ದೇ ತಡ, ಆ 2.7 ತಾನಾಗಿಯೇ 3 ಆಯಿತು. ಪಕ್ಕದಲ್ಲಿ ಹಸಿರು ಟಿಕ್.

ನಾನು ನೋಡಿದೆ, ರಾಜೀ. ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಲಮೇಲು ಆಂಟಿಯ ಸೊಂಟ ಮೂವತ್ತನಾಲ್ಕು ಮುಕ್ಕಾಲು ಇದ್ದರೆ ನಾನು ಮೂವತ್ತೈದು ಅಂತ ಬರೆದುಕೊಳ್ಳುವವನಲ್ಲ. ಆದರೂ ಆವತ್ತು ಮಾತಾಡದೆ ‘ಸಲ್ಲಿಸಿ’ ಒತ್ತಿದೆ. ಕಂಪ್ಯೂಟರೇ ಮಾಡಿದ್ದಲ್ವಾ, ನಾನೇನು ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಗುರುವಾರ ಪಟ್ಟಿ ಬಂತು. ಕೆಂಗೇರಿ ಶಾಲೆಗೆ ಇದ್ದದ್ದು ಒಂದೇ ಜಾಗ, ಅದಕ್ಕೆ ನಿನ್ನ ಹೆಸರು. ಅನಘಾ ‘ಅಮ್ಮ ಬರ್ತಾಳೆ, ಅಮ್ಮ ಬರ್ತಾಳೆ’ ಎಂದು ಬೀದಿಯೆಲ್ಲ ಸಾರಿಕೊಂಡು ಬಂದಳು. ನಾನೂ ಕುಣಿಯಲಿಲ್ಲ ಅಂದುಕೊಳ್ಳಬೇಡ. ಆಮೇಲೆ ಎರಡನೆಯ ಹೆಸರು ಓದಿದೆ. ನಿನ್ನ ರೂಮಿನಲ್ಲೇ ಇರುವ ಗಿರಿಜಾದೇವಿ ಟೀಚರು. ಅವರದು ಮೂರು ವರ್ಷ ನಾಲ್ಕು ತಿಂಗಳು. ಅದೂ ಆ ಖಾನೆಯಲ್ಲಿ 3 ಆಗಿದೆ. ಇಬ್ಬರೂ ಸಮ ಎಂದಾಗ, ಚಿಕ್ಕ ಮಗುವಿರುವವಳು ಅಂತ ನಿನ್ನನ್ನು ಮೇಲೆ ಹಾಕಿದ್ದಾರೆ. ಉಲ್ಲಾಳದಲ್ಲಿ ಅವರ ತಾಯಿ ಹಾಸಿಗೆ ಹಿಡಿದಿದ್ದಾರೆ ಎಂದು ನೀನೇ ಹೇಳಿದ್ದೆ. ಆವತ್ತು ಸಂಜೆ ಫೋನಿನಲ್ಲಿ ‘ಗಿರಿಜಕ್ಕ ನಂಗೋಸ್ಕರ ಶಾವಿಗೆ ಪಾಯಸ ಮಾಡಿದ್ರು ರೀ’ ಎಂದೆ ನೀನು. ಆಮೇಲೆ ‘ನೀವು ಎಷ್ಟು ಅಂತ ತುಂಬಿದ್ರಿ?’ ಎಂದೂ ಕೇಳಿದೆ. ನೀನು ಹೇಳಿದ್ದನ್ನೇ ತುಂಬಿದೆ ಎಂದೆ ನಾನು. ಅಲ್ಲಿಂದ ಅನ್ನ ಸೇರುತ್ತಿಲ್ಲ. ನಿನ್ನೆ ಒಂದೇ ಬ್ಲೌಸಿಗೆ ಎರಡೂ ಎಡಗೈ ತೋಳು ಕತ್ತರಿಸಿದ್ದೇನೆ.

ನೀನಿಲ್ಲದ ಈ ಮನೆ ನನಗೆ ಸಾಕಾಗಿಹೋಗಿದೆ ಕಣೇ. ಎದುರಿಗಿದ್ದರೆ ಇದನ್ನು ಹೇಳಲು ಬಾಯಿ ಬರುವುದಿಲ್ಲ, ಬರೆದಿದ್ದೇನೆ, ಇಟ್ಟುಕೊ.

ಅನಘಾ ಈ ಹಾಳೆಯ ಮೂಲೆಗೆ ಮುತ್ತು ಕೊಟ್ಟಿದ್ದಾಳೆ, ಒದ್ದೆಯಾಗಿರುವುದು ಅದೇ. ಕಮಲಾಕ್ಷಮ್ಮನವರು ಕೇಳಿದೆ ಎಂದು ಬರೆಯಲು ಹೇಳಿದರು. ಗಿರಿಜಾದೇವಿಯವರಿಗೆ ನನ್ನ ನಮಸ್ಕಾರ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ,
ಸಿದ್ದಲಿಂಗೇಶ್

ತಾ.ಕ.: ಸೋಮವಾರ ಬೆಳಿಗ್ಗೆ, ಅವಸರದಲ್ಲಿ. ಇವತ್ತು ಅರ್ಜಿಯ ತಿದ್ದುಪಡಿಗೆ ಕೊನೆಯ ದಿನ. ತಿದ್ದಿಬಿಟ್ಟೆ ಕಣೇ. 3 ಅಳಿಸಿ 2 ಹಾಕಿದೆ, ‘ನೀವು ಅರ್ಹರಲ್ಲ’ ಎಂದು ಬಂತು. ನಿನ್ನನ್ನು ಕೇಳಿದ್ದರೆ ನೀನೂ ‘ತಿದ್ದಿ’ ಎಂದೇ ಹೇಳುತ್ತಿದ್ದೆ. ಆ ಮಾತನ್ನು ನಿನ್ನ ಬಾಯಲ್ಲಿ ಆಡಿಸಲು ನನಗೆ ಮನಸ್ಸು ಬರಲಿಲ್ಲ. ಅಂಗಡಿ ಬಿಡುತ್ತೇನೆಂದು ಮಾಲೀಕ ಅಮೀನಪ್ಪನವರಿಗೂ ಹೇಳಿಯಾಯಿತು. ಕೂಡ್ಲಿಗಿಯಲ್ಲೂ ಹೆಂಗಸರು ಬ್ಲೌಸು ಹಾಕುತ್ತಾರೆ ತಾನೆ? ಗಿರಿಜಕ್ಕ ಕೆಂಗೇರಿಗೆ ಹೋದಮೇಲೆ ಅವರ ಕಡೆಯ ಅರ್ಧ ರೂಮು ಬೇರೆ ಯಾರಿಗೂ ಕೊಡಬೇಡ. ಅನಘಾಳ ಪರೀಕ್ಷೆ ಮುಗಿದ ಮಾರನೆಯ ದಿನವೇ ನಾವಿಬ್ಬರೂ ಬರುತ್ತೇವೆ.