ಅರಮನೆ ಮಹಡಿಗೆ ಅತ್ತೆ ಎಸೆದ ಚೀಟಿ

ಮನೆಯಿಂದ,
ತಾರೀಕು ಹನ್ನೊಂದು, ಸೋಮವಾರ ಮಧ್ಯಾಹ್ನ (ಅತ್ತೆ ಗೊರಕೆ ಹೊಡೆಯುತ್ತಿರುವ ಹೊತ್ತು)

ಪ್ರೀತಿಯ ರೀ,

ಈ ಮೂಲಕ ಸಮಸ್ತರಿಗೂ, ಅದರಲ್ಲೂ ವಿಶೇಷವಾಗಿ ತಮಗೆ, ತಿಳಿಯಪಡಿಸುವುದೇನೆಂದರೆ: ನಿನ್ನೆ ಬೆಳಿಗ್ಗೆ ಸೈಕಲ್ ಸವಾರಿಗೆಂದು ನಿಮ್ಮ ತಾಯಿಯವರು ಎರಡೂ ಕಾಲಿಗೆ ಒಂದೇ ಬಣ್ಣದ ಕಾಲುಚೀಲ ಧರಿಸಿದರು. ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಇಂಥದ್ದು ನಡೆದದ್ದು ಇದೇ ಮೊದಲು. ಹಿಂದೆ ಯಾವಾಗಲಾದರೂ ನಡೆದಿತ್ತೇ ಎಂದು ಪಕ್ಕದ ಮನೆ ದರ್ಜಿಯನ್ನು ವಿಚಾರಿಸಿದೆ. ಆತ ಸೂಜಿ ಬಾಯಲ್ಲಿಟ್ಟುಕೊಂಡೇ ತಲೆಯಾಡಿಸಿದ, ಇಲ್ಲವಂತೆ.

ಇರಲಿ, ಮೊದಲು ನಿಮ್ಮ ಕ್ಷೇಮ ಹೇಳಿ. ಕೆಮ್ಮು ಹೇಗಿದೆ? ಸುರಂಗದೊಳಗೆ ದಿನವಿಡೀ ಕಲ್ಲಿನ ಪುಡಿ ಕುಡಿದು ಸಂಜೆ ಹೊರಗೆ ಬಂದು ಸಿಗರೇಟು ಸೇದಿದರೆ ಕೆಮ್ಮದೆ ಹಾಡು ಬರುತ್ತದೆಯೇ? ನಾನು ಕಟ್ಟಿಕೊಟ್ಟ ಮಫ್ಲರು ಇನ್ನೂ ಪೆಟ್ಟಿಗೆಯ ತಳದಲ್ಲೇ ಇದೆ ಎಂಬುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಅತ್ತೆ ನಿಮ್ಮನ್ನು ಈಚೆಗೆ ಹೆಸರು ಹಿಡಿದು ಕರೆಯುತ್ತಿಲ್ಲ. "ಆ ಹೆಗ್ಗಣ ಎಷ್ಟು ದೂರ ಕೊರೆದಿದ್ಯಂತೆ?" ಎಂದು ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ ಅನ್ನಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೊರಡುವ ದಿನ ಬಾಗಿಲಲ್ಲಿ ಸೂಟ್‌ಕೇಸು ಹಿಡಿದು ನೀವು ಹೊರಡಿಸಿದ ಆಜ್ಞೆ ನೆನಪಿದೆ ತಾನೆ? "ಅಮ್ಮ, ನದೀಕಣಿವೆ ಸೈಕಲ್ ಸವಾರಿಗೆ ಹೋಗೋದಾದ್ರೆ ಹೋಗು. ಆದ್ರೆ ಪೊರಕೆ ಗಾಡಿ ಹತ್ತಿದ್ಯೋ, ಮಾರನೇ ದಿನವೇ ನಿನ್ನ ಸೈಕಲ್ಲು ಗುಜರಿಗೆ. ಚೀಟಿಯಲ್ಲಿ ಎಲ್ಲ ಮೊಹರೂ ಬೇಕು, ಒಂದು ಕಮ್ಮಿ ಆದ್ರೂ ನಾನು ಒಪ್ಪಲ್ಲ." ಅದಕ್ಕೆ ಅತ್ತೆ, "ಮೊಹರು ಸಮೇತ ಬಂದ್ರೆ ಈ ಜನ್ಮದಲ್ಲಿ ನೀನು ನನ್ನ ಸೈಕಲ್ಲಿನ ಸುದ್ದಿ ಎತ್ತಕೂಡದು," ಎಂದಿದ್ದರು. ನೀವು ನಕ್ಕಿರಿ. ಅವರು ನಗಲಿಲ್ಲ. ಆ ಕಬ್ಬಿಣದ ಸೈಕಲ್ಲಿನ ಮೇಲೆ ನಸುಕಿನಲ್ಲಿ ಮನೆಮನೆಗೆ ಪೇಪರ್ ಹಾಕಿಯೇ ಅವರು ನಿಮ್ಮನ್ನು ಓದಿಸಿದ್ದು. ಮೊಣಕಾಲು ನೋಯುತ್ತದೆ, ವಯಸ್ಸಾಯಿತು ಎಂದು ನೀವು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಗುಜರಿ ಎಂಬ ಮಾತು ಕೇಳಿದಾಗ ಅವರ ಮುಖ ಹೇಗಾಯಿತು ಎಂಬುದನ್ನು ನೀವು ನೋಡಲಿಲ್ಲ. ಬಸ್ಸು ಬಂದಿತ್ತು.

ಸವಾರಿ ಶುರುವಾಗುವುದು ಊರಾಚೆಯ ಕಮಾನು ಸೇತುವೆಯಿಂದ. ಅಲ್ಲಿ ಸೇರಿದ್ದವರನ್ನು ನೋಡಬೇಕಿತ್ತು! ಮೈಗೆ ಬಣ್ಣ ಬಳಿದುಕೊಂಡಂಥ ಬಟ್ಟೆ, ಒಂದು ಬೆರಳಲ್ಲಿ ಎತ್ತಬಹುದಾದ ಸೈಕಲ್ಲು, ಕಣ್ಣಿಗೆ ಕೀಟದ ಕಣ್ಣಿನಂಥ ಕನ್ನಡಕ. ನಾನು ಗೋಡೆಗೆ ನೇತುಹಾಕಿದ್ದ ನಿಮ್ಮ ತೆಳು ಸೈಕಲ್ಲನ್ನು ಇಳಿಸಿ ತಂದಿದ್ದೆ. (ಅದರ ಮೇಲಿನ ಧೂಳಿನಲ್ಲಿ ಸೊಪ್ಪು ಬೆಳೆಯಬಹುದಿತ್ತು.) ಇವರೆಲ್ಲರ ನಡುವೆ ನಿಮ್ಮ ತಾಯಿ, ಎಮ್ಮೆಯಂಥ ಕರಿ ಸೈಕಲ್ಲು, ಮುಂದೆ ತಂತಿ ಬುಟ್ಟಿ. ಒಬ್ಬ ತರುಣ ಬಹಳ ಗೌರವದಿಂದ, "ಅಜ್ಜೀ, ಇದಕ್ಕೆ ಎಷ್ಟು ಗೇರು?" ಎಂದು ಕೇಳಿದ. "ಎರಡು. ಕೂತ್ರೆ ಒಂದು, ಎದ್ದು ನಿಂತ್ರೆ ಇನ್ನೊಂದು," ಎಂದರು ಅತ್ತೆ. ಅವನು ಬಗ್ಗಿ ತನ್ನ ಗೇರುಗಳನ್ನು ಎಣಿಸತೊಡಗಿದ.

ದಾರಿ ಎಂಥದ್ದು ಅಂತೀರಿ! ಒಂದು ಕಡೆ ನದಿ, ಇನ್ನೊಂದು ಕಡೆ ಪಾಚಿಗಟ್ಟಿದ ಕಲ್ಲಿನ ಗೋಡೆ. ತಿರುವು ದಾಟಿದರೆ ನೀರಿನ ಗಿರಣಿ, ಮತ್ತೊಂದು ತಿರುವಿಗೆ ತಲೆ ಮುರಿದ ಕಾವಲುಗೋಪುರ. ಅದರ ತುದಿಯಲ್ಲಿ ಒಂದು ಮರವೇ ಬೆಳೆದು ಕಾವಲು ಕೂತಿತ್ತು. ನದಿ ಬುದ್ಧಿವಂತಿಕೆಯಿಂದ ಇಳಿಜಾರಿನಲ್ಲೇ ಹರಿಯುತ್ತದೆ. ಪಕ್ಕದಲ್ಲೇ ಹೋಗುವ ರಸ್ತೆ ಮಾತ್ರ ಏನೋ ಮರೆತವರಂತೆ ಮತ್ತೆ ಮತ್ತೆ ಗುಡ್ಡ ಹತ್ತುತ್ತದೆ. ಸೇತುವೆಯಲ್ಲಿ ಒಂದು ಮೊಹರು, ಗಿರಣಿಯಲ್ಲಿ ಒಂದು, ಅರಮನೆಯಲ್ಲಿ ಒಂದು, ನದಿ ಕಡಲು ಸೇರುವಲ್ಲಿರುವ ಕೋಟೆಯಲ್ಲಿ ಕೊನೆಯದು. ಹಿಂದೆ ಬಲು ದೂರದಲ್ಲಿ ಪೊರಕೆ ಗಾಡಿ, ಅಂದರೆ ಸುಸ್ತಾಗಿ ಕೂತವರನ್ನೆಲ್ಲ ಗುಡಿಸಿಕೊಂಡು ಬರುವ ವ್ಯಾನು.

ತೊಂದರೆಯ ಮೊದಲ ಲಕ್ಷಣ ಕಂಡದ್ದು ಗಿರಣಿಯ ಹತ್ತಿರ. ಅಲ್ಲಿ ಸ್ವಯಂಸೇವಕಿಯೊಬ್ಬಳು ಓಡುವ ಸವಾರರ ಕೈಗೆ ಬಾಳೆಹಣ್ಣು ಕೊಡುತ್ತಿದ್ದಳು. ಅತ್ತೆ ಬಲಗೈಯಲ್ಲಿ ತೆಗೆದುಕೊಂಡರು. ಮುಂದೆ ಒಂದು ಮನೆ ಬಂತು. ಗೇಟು ತೆರೆದಿತ್ತು. ಕೈ ತಾನಾಗಿಯೇ ಎದ್ದಿತು, ಬಾಳೆಹಣ್ಣು ಗಾಳಿಯಲ್ಲಿ ಹೋಯಿತು, ಹೊಸ್ತಿಲ ಮೇಲೆ ಸರಿಯಾಗಿ ನಡುವೆ ಬಿತ್ತು. ಅತ್ತೆ ತಿರುಗಿಯೂ ನೋಡಲಿಲ್ಲ. "ಅತ್ತೆ, ಹಣ್ಣು!" ಎಂದು ನಾನು ಕೂಗಿದರೆ ತಮ್ಮ ಕೈಯನ್ನೇ ಬೈದರು: "ಅಯ್ಯೋ, ಇದಕ್ಕೆ ಇನ್ನೂ ನಿವೃತ್ತಿ ಆಗಿಲ್ಲ ಕಣೆ." ಮುಂದಿನ ಮನೆಗೆ ಬಿಸ್ಕತ್ತಿನ ಪೊಟ್ಟಣ ಸಂದಾಯವಾಯಿತು. ಆ ಮನೆಯವರು ಬೇಲಿಯಾಚೆಯಿಂದ "ಥ್ಯಾಂಕ್ಸ್" ಅಂದರು.

ಹೀಗೆ ಕಣಿವೆಯ ಜನಕ್ಕೆ ಉಣಬಡಿಸುತ್ತ ಅರಮನೆಗೆ ಬಂದೆವು. ಈಗ ಅದು ವಸ್ತುಸಂಗ್ರಹಾಲಯ. ಗೇಟಿನ ಮೇಜಿನವನು ಚೀಟಿಗೆ ಮೊಹರು ಒತ್ತಿ, ಮಡಚಿ ಅತ್ತೆಯ ಕೈಗೇ ಕೊಟ್ಟ. ಅದೇ ತಪ್ಪಾಯಿತು. ದಾರಿ ಅರಮನೆಯ ಅಂಗಳದ ಮೂಲಕವೇ ಹೋಗುತ್ತದೆ. ಎದುರಿಗೆ ಮಹಡಿ, ಮಹಡಿಯಲ್ಲಿ ಕೆತ್ತನೆಯ ಮರದ ಬಾಲ್ಕನಿ, ಕೈಯಲ್ಲಿ ಮಡಚಿದ ಕಾಗದ. ನಾನು ಬಾಯಿ ತೆರೆಯುವಷ್ಟರಲ್ಲಿ ಚೀಟಿ ಹಾರಿತ್ತು. ಬಾಲ್ಕನಿಯ ಕಟಾಂಜನದ ಮರದ ಸರಳುಗಳ ಸಂದಿಯಲ್ಲಿ ಹೋಗಿ ಕೂತಿತು, ಒಂದು ಮೂಲೆ ಮಾತ್ರ ಹೊರಗೆ. ಅತ್ತೆ ಬ್ರೇಕ್ ಹಿಡಿದರು. "ಮಹಡಿ ಮನೆಗೆ ಮಹಡಿಗೇ ಎಸೀಬೇಕು. ಕೆಳಗೆ ಬಿದ್ರೆ ನಾಯಿ ಹರಿಯತ್ತೆ," ಎಂದು ಸಣ್ಣ ದನಿಯಲ್ಲಿ ಹೇಳಿದರು, ಯಾರೋ ಗದರಿಸಿದ ಹಾಗೆ.

ಕಾವಲುಗಾರನ ಕಾಲು ಹಿಡಿಯುವುದೊಂದು ಬಾಕಿ. ಆತ ಒಳ್ಳೆಯವನೇ, ಆದರೆ ಬಾಲ್ಕನಿ ಅವನಿಗಿಂತ ಹಳೆಯದು. "ಅಮ್ಮಾ, ಅಲ್ಲಿ ಕೊನೇಸಲ ಕಾಲಿಟ್ಟಿದ್ದು ರಾಣಿ. ಈಗ ಪಾರಿವಾಳ ಕೂತ್ರೂ ನಾನು ವರದಿ ಬರೀಬೇಕು," ಎಂದ. ಅಷ್ಟರಲ್ಲಿ ಗೇಟಿನೊಳಗೆ ಬಂತು ನೋಡಿ ಪೊರಕೆ ಗಾಡಿ! ಡ್ರೈವರ್ ಕಿಟಕಿಯಿಂದ ತಲೆ ಹಾಕಿ, "ಹತ್ತಿ ಅಜ್ಜಿ, ಒಳಗೆ ಫ್ಯಾನಿದೆ," ಎಂದು ಸಕ್ಕರೆ ಸುರಿಸಿದ. ಅತ್ತೆ ಕೇಳಿದರು, "ಯಾರನ್ನ ಹತ್ತಿಸ್ಕೋತೀಯಾ?" "ನಿಂತವರನ್ನ," ಎಂದ. "ಹೋಗ್ತಾ ಇರೋರನ್ನ?" "ಅವರನ್ನ ಮುಟ್ಟೋ ಹಾಗಿಲ್ಲ, ರೂಲ್ಸು." (ನಾನು ಚೀಟಿಯಿಲ್ಲದ ಬರೀ ಜೊತೆಗಾತಿ, ನನ್ನನ್ನು ಅವನು ಲೆಕ್ಕಕ್ಕೇ ಹಿಡಿಯಲಿಲ್ಲ.) ಅಷ್ಟು ಸಾಕಾಯಿತು. ನಿಮ್ಮ ತಾಯಿ ಸೈಕಲ್ ಏರಿ ಅಂಗಳದ ನಡುವಿನ ಒಣ ಕಾರಂಜಿಯ ಸುತ್ತ ಸುತ್ತತೊಡಗಿದರು.

ರೀ, ಆ ದೃಶ್ಯವನ್ನು ಹೇಗೆ ಬರೆಯಲಿ? ರಾಜರ ಕಾಲದಲ್ಲಿ ಅಲ್ಲಿ ಕುದುರೆಗಳು ಸುತ್ತುತ್ತಿದ್ದವಂತೆ. ನಿನ್ನೆ ನಿಮ್ಮ ತಾಯಿ ಸುತ್ತಿದರು. ಡ್ರೈವರ್ ಎಂಜಿನ್ ಆರಿಸಿ ಬ್ರೆಡ್ಡಿನ ಡಬ್ಬಿ ಬಿಚ್ಚಿದ. ನೋಡಲು ಬಂದ ಪ್ರವಾಸಿಗರು ರಾಜರ ಕತ್ತಿಗಳನ್ನು ಬಿಟ್ಟು ಹೊರಗೆ ಬಂದು ಸಾಲಾಗಿ ನಿಂತರು. ಪ್ರತಿ ಸುತ್ತಿಗೂ ಅತ್ತೆ ನನ್ನ ಮುಂದೆ ಹಾಯುವಾಗ ಒಂದೊಂದು ತುಂಡು ಮಾತು: "ಏಣಿ ಕೇಳು..." ಮುಂದಿನ ಸುತ್ತಿಗೆ, "ಕೋಲು ಕೇಳು..." ಮತ್ತೊಂದು ಸುತ್ತಿಗೆ, "ಪೆದ್ದುಪೆದ್ದಾಗಿ ನಿಂತ್ಕೋಬೇಡ..." ಏಣಿ ಬೀಗದೊಳಗಿತ್ತು. ಕೋಲು ತಾಗಿದರೆ ಕೆತ್ತನೆ ಉದುರುತ್ತದಂತೆ. ಅವರ ಬಲ ಮೊಣಕಾಲು ಸ್ವಲ್ಪ ಹೊರಗೆ ವಾಲತೊಡಗಿದ್ದನ್ನು ನಾನು ಕಂಡೆ. ನೋವು ಶುರುವಾದಾಗ ಹಾಗಾಗುತ್ತದೆಂದು ನಿಮಗೂ ಗೊತ್ತು.

ಆಗ ನನ್ನ ಕಣ್ಣಿಗೆ ಬಿದ್ದದ್ದು ಬಾಗಿಲ ಬಳಿ ಪೇರಿಸಿಟ್ಟಿದ್ದ ಅರಮನೆಯ ಪರಿಚಯದ ಕರಪತ್ರಗಳು. "ಕಾಲಿಡಬಾರದು ಅಂತ ಬೋರ್ಡಿದೆ. ಕಾಗದ ಎಸೀಬಾರದು ಅಂತ ಎಲ್ಲಿದೆ?" ಎಂದೆ. ಕಾವಲುಗಾರ ಬೋರ್ಡನ್ನು ಮೇಲಿನಿಂದ ಕೆಳಗೆ ಓದಿದ. ಆಮೇಲೆ ಒಂದು ಕಟ್ಟು ತಂದು ನನ್ನ ಕೈಗಿಟ್ಟು ಆಕಾಶ ನೋಡುತ್ತ ನಿಂತ. ಆದರೆ ಮಡಚುವವರು ಯಾರು? ಗಾಳಿಯಲ್ಲಿ ಬಿಚ್ಚಿಕೊಳ್ಳದ ಹಾಗೆ ಪೇಪರ್ ಮಡಚುವ ವಿದ್ಯೆ ಅತ್ತೆಯದು, ಅತ್ತೆಯ ಎರಡೂ ಕೈ ಹ್ಯಾಂಡಲ್ ಮೇಲೆ. ನಾನು ಮಡಚಿದ ಮೊದಲನೆಯದು ಅತ್ತೆಯ ಕೈಯಿಂದ ಹಾರಿದೊಡನೆ ಕೋಳಿಯಂತೆ ರೆಕ್ಕೆ ಬಡಿದು ಒಬ್ಬ ಪ್ರವಾಸಿಯ ತಲೆ ಮೇಲೆ ಇಳಿಯಿತು. "ಮೂಲೆ ಒಳಗೆ ತುರುಕೇ! ಮದುವೆ ಕಾರ್ಡ್ ಮಡಚ್ತಾ ಇದೀಯೇನು?" ತುರುಕಿದೆ. ಎರಡನೆಯದು ಕಟಾಂಜನದಾಚೆ ಹೋಗಿ ರಾಣಿಯ ಕೋಣೆ ಸೇರಿತು. "ಇನ್ನೂ ಬಿಗಿ!" ಬೆರಳು ಕೆಂಪಾಗುವಷ್ಟು ಬಿಗಿ ಮಾಡಿದೆ. ಬಲಗೈಯಲ್ಲಿ ತೆಗೆದುಕೊಂಡರು, ಅರ್ಧ ಸುತ್ತು ಹೋದರು, ಸೀಟಿನಿಂದ ಎದ್ದು ನಿಂತು ಬೀಸಿದರು. ಚೀಟಿಯ ಮೂಲೆಗೆ ಟಪ್ಪೆಂದು ತಗುಲಿತು. ಚೀಟಿ ಒಮ್ಮೆ ಅಲುಗಿ, ಯೋಚನೆ ಮಾಡಿ, ತಿರುಗುತ್ತ ತಿರುಗುತ್ತ ಕಾರಂಜಿಯ ತೊಟ್ಟಿಗೆ ಬಿತ್ತು. ಪ್ರವಾಸಿಗರು ಹೊಡೆದ ಚಪ್ಪಾಳೆಗೆ ಪಾರಿವಾಳಗಳೆಲ್ಲ ಎದ್ದವು. ಎಲ್ಲರಿಗಿಂತ ಜೋರಾಗಿ ಸಿಳ್ಳೆ ಹಾಕಿದವನು ಪೊರಕೆ ಗಾಡಿಯ ಡ್ರೈವರ್.

ಕೊನೆಯ ಏರು ಕೋಟೆಗೆ. ಅರ್ಧದಲ್ಲಿ ಅತ್ತೆ ಇಳಿದರು. ಸೈಕಲ್ಲಿಗೆ ಒರಗಿ ತಳ್ಳುತ್ತ ನಡೆದರು, ನಿಲ್ಲಲಿಲ್ಲ. ಹಿಂದೆ ಗಾಡಿ ನಡಿಗೆಯ ವೇಗದಲ್ಲಿ ಬರುತ್ತಿತ್ತು. "ಅತ್ತೆ, ಸಾಕು, ನಾನು ಅವರಿಗೆ ಹೇಳ್ತೀನಿ," ಎಂದೆ. "ಏನ್ ಹೇಳ್ತೀಯಾ? ಅವನಿಗೆ ಇದು ಹಳೇ ಕಬ್ಬಿಣ. ನನಗೆ ಇದರ ಮೇಲೆ ಕೂತಾಗ ಮಾತ್ರ ನಾನು ಯಾರ ಮನೇಲೂ ಕೂತು ತಿನ್ನೋಳಲ್ಲ ಅನ್ಸತ್ತೆ," ಎಂದರು. ಉಸಿರು ಸಾಲದೆ ಮೂರು ಕಂತಿನಲ್ಲಿ ಹೇಳಿದರು. ನಾನು ನಿಮ್ಮ ಸೈಕಲ್ಲನ್ನು ತಳ್ಳುತ್ತ ಅವರ ಪಕ್ಕದಲ್ಲೇ ನಡೆದೆ.

ಕೋಟೆಯ ಬಾಗಿಲಲ್ಲಿ ಬ್ಯಾನರ್ ಬಿಚ್ಚುತ್ತಿದ್ದರು. ನಮ್ಮನ್ನು ಕಂಡು ಇಬ್ಬರು ಅದರ ಎರಡು ತುದಿ ಹಿಡಿದು ಕೈಯೆತ್ತಿ ನಿಂತರು. ಅತ್ತೆ ಬಾಗಿಲಿಗೆ ಮುಂಚೆ ಮತ್ತೆ ಸೈಕಲ್ ಹತ್ತಿ, ಕೂತುಕೊಂಡೇ ಅದರ ಕೆಳಗೆ ಹಾದರು. ಮೊಹರಿನವನು ಡಬ್ಬಿ ತೆರೆದು ಕೊನೆಯ ಮೊಹರು ಒತ್ತಿದ. "ಇಷ್ಟೊತ್ತಿಗೆ ಪೇಪರ್ ಹಾಕಿದ್ರೆ ಜನ ಉಗೀತಿದ್ರು," ಎಂದು ಅತ್ತೆ ಗೊಣಗಿ, ಕೆಳಗೆ ನದಿ ಕಡಲು ಸೇರುವುದನ್ನು ಬಹಳ ಹೊತ್ತು ನೋಡುತ್ತ ನಿಂತರು. ಸೇರಿದವರಲ್ಲಿ ಕೊನೆಯವರು ನಾವೇ. ಕೊನೆಯವರಾಗಿ ಇಷ್ಟು ಹೆಮ್ಮೆಯಿಂದ ನಾನು ಎಲ್ಲೂ ನಿಂತದ್ದಿಲ್ಲ, ಮದುವೆ ಫೋಟೋದಲ್ಲೂ ಇಲ್ಲ.

ಆದ್ದರಿಂದ ತೀರ್ಪು ಹೀಗಿದೆ: ಮೊಹರು ಪೂರ್ತಿ, ಗಾಡಿ ಹತ್ತಿಲ್ಲ, ಸೈಕಲ್ಲು ಮನೆಯಲ್ಲೇ. ನೀವು ಗೊತ್ತು ಮಾಡಿ ಹೋಗಿದ್ದ ಗುಜರಿಯವನು ಇವತ್ತು ಬೆಳಿಗ್ಗೆ ತಕ್ಕಡಿ ಸಮೇತ ಬಂದಿದ್ದ. ಅವನಿಗೆ ನಿಮ್ಮ ಹಳೇ ಟ್ರಂಕು ಕೊಟ್ಟು ಕಳಿಸಿದೆ.

ಮಫ್ಲರು ಸುತ್ತಿಕೊಳ್ಳಿ, ಹೊತ್ತಿಗೆ ಸರಿಯಾಗಿ ಉಣ್ಣಿ, ಬೆಟ್ಟದ ಆ ಕಡೆಯಿಂದ ಬೇಗ ಬೆಳಕು ಕಾಣಲಿ.

ಸೋತವರ ಹೆಂಡತಿ, ಗೆದ್ದವರ ಸೊಸೆ,
ನಿಮ್ಮವಳು

ಮರೆತಿದ್ದೆ: ಅತ್ತೆ ಏಳುವ ಮುಂಚೆ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನಿನ್ನೆ ರಾತ್ರಿಯಿಂದ ಅವರು ಕೆಲಸವಿಲ್ಲದಿದ್ದರೂ ಫೋನಿನ ಪಕ್ಕದಲ್ಲೇ ಸುಳಿದಾಡುತ್ತಿದ್ದಾರೆ, ಕೇಳಿದರೆ ಧೂಳು ಒರೆಸುತ್ತಿದ್ದೇನೆ ಅನ್ನುತ್ತಾರೆ. ಒಂದು ಫೋನ್ ಮಾಡಿ. ಮೊಣಕಾಲಿನ ಸುದ್ದಿ ಎತ್ತಬೇಡಿ. ಬಾಲ್ಕನಿ ಎಷ್ಟು ಎತ್ತರವಿತ್ತು ಎಂದಷ್ಟೇ ಕೇಳಿ. ದರ್ಜಿಗೆ ಅವರಾಗಲೇ ನಾಲ್ಕನೇ ಮಹಡಿ ಎಂದು ಹೇಳಿಯಾಗಿದೆ, ನೀವೂ ಹಾಗೇ ಒಪ್ಪಿಕೊಂಡುಬಿಡಿ. ಸಂಜೆ ಮಾಡಿ, ಬೆಳಿಗ್ಗೆ ಮಾತ್ರ ಬೇಡ: ನಾಳೆಯಿಂದ ಬೆಳಿಗ್ಗೆ ಅವರು ಮನೆಯಲ್ಲಿರುವುದಿಲ್ಲ, ಮುಂದಿನ ವರ್ಷಕ್ಕೆ ಅಭ್ಯಾಸ ಶುರು.